ನಾಲ್ಕು ಕಾಲಂ

ಪ್ರತಿವಾದಿ ಎಂಬ ಪದ ಕಾಲಮ್ಮಿಗೆ ಹಿಡಿಸಲಿಲ್ಲ.
ಒಂದಕ್ಷರ ಹೊರಗೇ ಉಳಿಯುತ್ತಿತ್ತು
ಫುಟ್‌ಬೋರ್ಡಿನಲ್ಲಿ ಜೋತವನ ಹಾಗೆ.
ರಾತ್ರಿ ಹನ್ನೊಂದೂವರೆ; ಕೆಳಗೆ ಮುದ್ರಣಯಂತ್ರ ಕೆಮ್ಮುತ್ತಿತ್ತು.
ಅಳಿಸಿದೆ. ಆರೋಪಿ ಎಂದು ಹಾಕಿದೆ.
ಮೂರಕ್ಷರ. ಸಲೀಸಾಗಿ ಕೂತಿತು.

ಓ.ಟಿ. ರಸ್ತೆಯ ಜಬೀವುಲ್ಲಾ ಕಳ್ಳನಾದದ್ದು ಹೀಗೆ.
ಸಿವಿಲ್ ದಾವೆಯಲ್ಲಿ ಆರೋಪಿ ಅನ್ನುವವನೇ ಇರುವುದಿಲ್ಲ,
ನನಗೆ ಗೊತ್ತಿತ್ತು.
ಗೊತ್ತಿರುವುದಕ್ಕೂ ಗೇಣು ಜಾಗ ಬೇಕಲ್ಲ.

ಅಂಗಡಿ ನಾನು ಕಂಡದ್ದೇ:
ಪಂಕ್ಚರ್ ಹಾಕುವವನ ಪಕ್ಕ, ಅರ್ಧ ಎಳೆದ ಶಟರು,
ಒಳಗೆ ಹನ್ನೊಂದು ಪೆಟ್ಟಿಗೆ.
ಒಂದು ರೂಪಾಯಿ ಕಾಲದ ತೂತನ್ನು
ಅರದಿಂದ ಉಜ್ಜಿ ಉಜ್ಜಿ ಐದರ ಬಿಲ್ಲೆಗೆ ಅಗಲ ಮಾಡಿದ್ದ.

ಬೋರ್ಡುಗಳು ಸಾಯುತ್ತಿದ್ದವು. ತುಂಗೆ ಏರಿದ ವರ್ಷ
ನೀರು ಹೊಕ್ಕು, ತಾಮ್ರ ಹಸುರಾಗಿ,
ಚಿಪ್‌ಗಳ ಕಾಲು ಇರುವೆ ಕಾಲಿನಂತೆ ಮುರಿಯುತ್ತ.
ಸಾಯುವ ಮೊದಲೇ ಒಂದೊಂದರ ಜೀವವನ್ನೂ
ಇವನು ಓದಿ ತೆಗೆದು
ಹಳೇ ಕಂಪ್ಯೂಟರಿಗೆ ಹೇಳಿಕೊಟ್ಟ:
ನೀನು ನೀನಲ್ಲ, ಇಗೋ, ಇದು ನೀನು.
ಅದು ನಂಬಿತು.
ದೋಣಿ ಮತ್ತೆ ಹೊರಟಿತು ಪರದೆಯ ಮೇಲೆ.

ಏಳನೇ ಘಟ್ಟದಲ್ಲಿ ಆ ದೋಣಿಯ ನೆರಳು
ಸೂರ್ಯನ ಕಡೆಗೇ ಬೀಳುತ್ತದೆ.
ಆಟ ಮಾಡಿದವರ ತಪ್ಪು. ಅವನು ಆಡಿ ತೋರಿಸಿದಾಗ
ಸರಿ ಮಾಡಬಾರದೇನಯ್ಯಾ, ಅಂದಿದ್ದೆ.
ನಾಲಿಗೆ ಕಚ್ಚಿಕೊಂಡ.
“ಅವರ ತಪ್ಪು ಸಾರ್, ಅವರದ್ದೇ ಆಗಿರ್ಲಿ.
ತಿದ್ದೋಕೆ ನಾನ್ಯಾರು?”

ದಾವೆ ಹೂಡಿದ ಕಂಪನಿ ಆಟ ಮಾಡಿದ್ದಲ್ಲ;
ಮಾಡಿದವರಿಂದ ಕೊಂಡವರಿಂದ ಕೊಂಡದ್ದು.
ಅದೇ ವಾರ ಹೊಸ ಮಾಲಿನಲ್ಲಿ ಅವರ ಆಟದ ಮಳಿಗೆ,
ನಮ್ಮ ಮೂರನೇ ಪುಟದ ಅರ್ಧ, ಬಣ್ಣದಲ್ಲಿ, ಅವರ ಜಾಹೀರಾತು.
ಹೀಗೆ ಬರಿ ಅಂತ ನನಗೆ ಯಾರೂ ಹೇಳಲಿಲ್ಲ.
ಇದನ್ನು ಒತ್ತಿ ಹೇಳಬೇಕು, ಯಾರೂ ಹೇಳಲಿಲ್ಲ.
ಗುಡ್ಡದ ನೀರಿಗೆ ಇಳಿಜಾರನ್ನು ಯಾರು ತೋರಿಸಿಕೊಡುತ್ತಾರೆ?

‘ನಕಲಿ ಆಟದ ಜಾಲ ಪತ್ತೆ’. ನಾಲ್ಕು ಕಾಲಂ.
ಜಾಲ ಅಂದರೆ ಜಬೀವುಲ್ಲಾ ಮತ್ತು ಒಂದು ಸ್ಕ್ರೂಡ್ರೈವರು.
ಪತ್ತೆ ಅಂದರೆ
ಇಪ್ಪತ್ತೆರಡು ವರ್ಷ ಬೀದಿಗೇ ಬಾಗಿಲಿದ್ದ ಅಂಗಡಿ.
ಕಂಪನಿ ‘ತಿಳಿಸಿದೆ’, ಇವನು ‘ಸಬೂಬು ಹೇಳಿದ’.
ಅವರ ವಕೀಲರಿಗೆ ಹನ್ನೊಂದು ಸಾಲು;
ಸುಗುಣಾ ಶೇಟ್ ಎರಡು ಗಂಟೆ ನಿಂತು ವಾದಿಸಿದ್ದಕ್ಕೆ
‘ಎದುರು ವಕೀಲರೂ ಹಾಜರಿದ್ದರು’.
ಒಂದೂ ಸುಳ್ಳಲ್ಲ ನೋಡಿ. ಅದೇ ನನ್ನ ಕಸುಬು.

ಹದಿನಾಲ್ಕು ವಾಯಿದೆ ಕಳೆದು ತೀರ್ಪು ಬಂತು:
ಒಂಬತ್ತರ ಬೋರ್ಡು ಅವನದೇ, ರಶೀದಿ ಸಮೇತ, ಜಪ್ತಿ ಬಿಡಿ;
ಎರಡಕ್ಕೆ ಪರಿಹಾರ ಕಟ್ಟಲಿ.
ಆ ಎರಡು ತಪ್ಪೇ. ಅವನೂ ಅಲ್ಲವೆನ್ನಲಿಲ್ಲ.
ನಾವು ಬರೆದೆವು: ‘ಅಂಗಡಿಯವನಿಗೆ ದಂಡ’.
ಒಂಬತ್ತು ಬಂದದ್ದು ನಾಲ್ಕು ದಿನ ಬಿಟ್ಟು,
ಏಳನೇ ಪುಟದಲ್ಲಿ, ಗಾಜನೂರಿನ ನೀರಿನ ಮಟ್ಟದ ಕೆಳಗೆ.
ಅಷ್ಟರಲ್ಲಿ ಶಾಲೆ ಹುಡುಗರು ಆ ಬದಿಯ ಫುಟ್‌ಪಾತೇ ಬಿಟ್ಟಿದ್ದರು.

ಕೋರ್ಟಿಗೆ ಬಾರದವರ ಮುಂದೆ
ಕಾಗದವನ್ನು ಕೋರ್ಟಿನ ಹಾಗೆ ನಡೆಸುವುದು:
ನಾನು ಮಾಡುವುದೂ ಅವನ ಕೆಲಸವೇ ಅಂತ ಹೊಳೆದದ್ದು ತಡವಾಗಿ.
ಅವನ ಯಂತ್ರ ನೆರಳಿನ ತಪ್ಪನ್ನೂ ಬಿಡದೆ ಒಪ್ಪಿಸಿತು;
ನನ್ನದರಲ್ಲಿ ಒಂದು ಕಡೆಯ ದನಿಯೇ ಕೆಟ್ಟಿತ್ತು.

ಮೊನ್ನೆ ಹೋದೆ. ಪೆಟ್ಟಿಗೆಗಳ ಮೇಲೆ
ಜಪ್ತಿಯ ಚೀಟಿ ಇನ್ನೂ ಪೂರ್ತಿ ಕಿತ್ತಿರಲಿಲ್ಲ.
ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ,
ಉದ್ದವಾಗಿತ್ತು, ಬಾಯಿಗೆ ಹಿಡಿಸಲಿಲ್ಲ.
“ಆಡ್ತೀರಾ ಸಾರ್?”
ಜೇಬು ತಡಕಿದೆ, ಐದರ ಬಿಲ್ಲೆ ಇರಲಿಲ್ಲ.
ಹಿಂದಿನ ಬಾಗಿಲು ತೆಗೆದು, ಕೈಹಾಕಿ
ಬಿಲ್ಲೆ ಬಿದ್ದ ಹಾಗೆ ಬೆರಳಲ್ಲೇ ಒತ್ತಿದ.

ಮೂರನೇ ಘಟ್ಟದಲ್ಲೇ ಮುಳುಗಿದೆ.
“ಇನ್ನೊಂದು?” ಎಂದ.